ಮಿತ್ರರಾಷ್ಟ್ರಗಳ ನಡುವೆ ಚಿಕ್ಕ ರಾಜ್ಯದ ಕೊಡುಗೆ

ದೊಡ್ಡವರು ಸೇರಿ ನಡೆಸುವ ಕಾರ್ಯದಲ್ಲಿ ಚಿಕ್ಕವರು ತಮ್ಮ ಕೈಲಾದುದನ್ನು ಸಲ್ಲಿಸಿದರೆ ಅದನ್ನು ಅಳಿಲು ಸೇವೆಯೆಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಸೇತುಬಂಧನದ ಕಾಲದಲ್ಲಿ ಮರಳಿನಲ್ಲಿ ಹೊರಳಿ, ಮೈಗೆ ಅಂಟಿದ ಮರಳನ್ನು ಕಡಲಿನಲ್ಲಿ ಕೊಡವಿದ ಅಳಿಲಿನ ಕಥೆಯನ್ನು ಅರಿಯದವರಿಲ್ಲ. ಕಥೆಯೇನೋ ಇಂಪಾದುದೇ. ಆದರೆ ರಾಜ್ಯ ರಾಜ್ಯಗಳ ವ್ಯವಹಾರಕ್ಕೆ ಅದನ್ನು ಅನ್ವಯಿಸುವ ಮುನ್ನ ಸ್ವಲ್ಪ ಯೋಚಿಸಬೇಕಾಗಿದೆ. ಆ ಅಳಿಲಿಗೆ ವರ್ಷಕ್ಕೆ ಇಷ್ಟು ಮರಳೆಂದು ಯಾರೂ ಕಟ್ಟುಮಾಡಿರಲಿಲ್ಲ. ಒಲ್ಲೆನೆಂದು ಅದು ಮರ ಹತ್ತಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅದು ಹೊತ್ತು ತಂದ ಮರಳು ಬೇರೆ ಯಾರ ಹೊಲದ್ದೂ ಆಗಿರಲಿಲ್ಲ. ಅದರ ಶ್ರಮಕ್ಕೆ ಪ್ರತಿಯಾಗಿ ಬೆನ್ನಿನ ಮೇಲೆ ಮೂರು ಗೆರೆಗಳಾದರೂ ಅದಕ್ಕೆ ಉಳಿದುವು.

ಚಿಕ್ಕ ರಾಜ್ಯವೊಂದು ತನಗಿಂತ ದೊಡ್ಡವಾದ ಮಿತ್ರರಿಗೆ ನೆರವು ನೀಡುವ ಸಂಗತಿಯನ್ನು ವಿಚಾರಮಾಡುವಾಗ ಈ ಮೂರು ಪ್ರಶ್ನೆಗಳನ್ನೇ ನಾವು ಕೇಳತಕ್ಕದ್ದು. ಕೊಡುವ ರಾಜ್ಯಕ್ಕೆ ಕೊಡೆನೆನ್ನುವ ಸ್ವಾತಂತ್ರ್ಯವಿತ್ತೆ? ಕೊಟ್ಟುದರ ಭಾರವನ್ನು ನಿಜವಾಗಿ ಹೊತ್ತವರು ಯಾರು? ಕೊಟ್ಟ ತರುವಾಯ ಕೊಟ್ಟವರ ಮನೆಯಲ್ಲಿ ಉಳಿದುದೇನು? ಇಷ್ಟು ಲಕ್ಷ, ಇಷ್ಟು ಕೋಟಿ ಎಂಬ ಮೊತ್ತವನ್ನು ಮಾತ್ರ ನೋಡಿ ದಾನದ ಬೆಲೆಯನ್ನು ಕಟ್ಟುವವರಿಗೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ. ಇವುಗಳಿಗೆ ಉತ್ತರವನ್ನು ಹುಡುಕಲು ನಾವು ದೂರದ ದೇಶಗಳಿಗೆ ಹೋಗಬೇಕಾದುದೂ ಇಲ್ಲ. ನಮ್ಮ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿಯೇ, ಅದರಲ್ಲೂ ಹಳೆಯ ಕಡೂರು ಜಿಲ್ಲೆಯ ಒಂದು ಮೂಲೆಯಲ್ಲಿ, ಬೇಕಾದಷ್ಟು ಸಾಮಗ್ರಿಯಿದೆ.

ತರೀಕೆರೆಯಿಂದ ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿಯನ್ನು ಏರಿದರೆ ಕೆಮ್ಮಣ್ಣುಗುಂಡಿ ಸಿಕ್ಕುತ್ತದೆ. ಅಲ್ಲಿಂದ ಕಾಡಿನೊಳಗೆ ಇಳಿದರೆ ಹೆಬ್ಬೆ. ಅಲ್ಲಿ ನೀರು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತಗಳಲ್ಲಿ ಸುಮಾರು 550 ಅಡಿ ಧುಮುಕಿ, ಕಣಿವೆಗಳಲ್ಲಿ ಹರಿದು ಭದ್ರಾನದಿಯನ್ನು ಸೇರುತ್ತದೆ. ನಗರವಾಸಿಗಳಾದ ನಮ್ಮಲ್ಲಿ ಬಹುಮಂದಿ ಹೆಬ್ಬೆಯನ್ನು ಬಲ್ಲುದು ಆ ಜಲಪಾತದಿಂದ ಮಾತ್ರ. ಆದರೆ ಆ ಸೀಮೆ ಹೊರಗಿನ ಪ್ರಪಂಚಕ್ಕೆ ಒದಗಿಸಿದ ವಸ್ತುಗಳು ಬೇರೆ ಇವೆ. ಬೆಟ್ಟದ ಮೇಲೆ ಕಬ್ಬಿಣದ ಅದಿರು. ಬೆಟ್ಟದ ಇಳಿಜಾರಿನಲ್ಲಿ ಸೌದೆ, ಮರಮುಟ್ಟು. ಪೂರ್ವಕ್ಕೆ ತರೀಕೆರೆ, ಕಡೂರುಗಳ ಕುರುಚಲು ಕಾಡಿನಲ್ಲಿ ಗಂಧದ ಮರ. ಇನ್ನೂ ಮುಂದೆ ಅಜ್ಜಂಪುರದ ಬಯಲಿನಲ್ಲಿ ಅಮೃತ ಮಹಲ್ ದನಗಳ ಕಾವಲು. ಈ ಪದಾರ್ಥಗಳು ಹೊರಗೆ ಹೋದ ಬಗೆಯನ್ನು ಕ್ರಮವಾಗಿ ನೋಡಿದರೆ ನಮ್ಮ ವಿಷಯ ತಾನಾಗಿ ವಿಶದವಾಗುವುದು.

ಮೊದಲು ದನಗಳ ಮಾತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ನಡೆಯುತ್ತಿದ್ದ ಅರಮನೆಯ ದನದ ಇಲಾಖೆಯನ್ನು ಹೈದರಾಲಿಯು ಸೈನ್ಯದ ಕೆಲಸಕ್ಕೆ ತಿರುಗಿಸಿದನು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ತೋಪುಗಳನ್ನೂ ಮದ್ದುಗುಂಡುಗಳನ್ನೂ ಎಳೆದುಕೊಂಡು ಕಾಲ್ದಳದೊಡನೆ ಸಮಸಮವಾಗಿ ಸಾಗಬಲ್ಲ ಎತ್ತುಗಳು ಆ ಕಾಲದಲ್ಲಿ ಬೇರೆಲ್ಲಿಯೂ ಇರಲಿಲ್ಲವೆಂಬುದು ಪ್ರಸಿದ್ಧವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಹಿಂಡುಗಳು ಇಂಗ್ಲಿಷರ ವಶವಾದುವು. 1803ರ ಮರಾಠಾ ಯುದ್ಧದಲ್ಲಿ, ಮುಂದೆ ವೆಲಿಂಗ್ಟನ್ ಪ್ರಭುವೆಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಶೀಘ್ರವಾಗಿ ಮುನ್ನಡೆಯಲು ಈ ಎತ್ತುಗಳು ದೊಡ್ಡ ಸಾಧನವಾಗಿದ್ದುವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನು ಮುರಿದು ದನಗಳನ್ನು ಮಾರಿಬಿಟ್ಟರು. ತಪ್ಪು ತಿಳಿದು 1866ರಲ್ಲಿ ಮತ್ತೆ ಕಟ್ಟಿದರು. ಕೊನೆಗೆ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದ ತರುವಾಯ ಮೈಸೂರಿಗೆ ಒಪ್ಪಿಸಿದರು. ಮೈಸೂರಿನ ಎತ್ತುಗಳು ದೊಡ್ಡ ಯುದ್ಧಗಳನ್ನು ಗೆಲ್ಲಿಸಿದುವೆಂದು ನಾವು ಹೆಮ್ಮೆಪಡುವುದುಂಟು. ಆದರೆ ಇದು ಕೊಟ್ಟುದಲ್ಲ, ತೆಗೆದುಕೊಂಡುದು. ಗೆದ್ದವನು ಕೊಂಡೊಯ್ದುದನ್ನು ಸೋತವನ ದಾನವೆಂದು ಯಾರೂ ಬರೆಯಲಾರರು.

ಎರಡನೆಯದು ಕಪ್ಪ. ನಮ್ಮ ಹಳೆಯ ಕಾಗದಪತ್ರಗಳಲ್ಲಿ ಇದಕ್ಕೆ ಪೊಗದಿಯೆಂದು ಹೆಸರು. 1799ರ ಕೌಲಿನ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ ಸುಮಾರು 24½ ಲಕ್ಷ ರೂಪಾಯಿಗಳನ್ನು, ಕಂಪೆನಿಗೆ ಸಲ್ಲಿಸಬೇಕಾಗಿತ್ತು. ಯುದ್ಧ ಬಂದರೆ ಹೆಚ್ಚಿನ ವೆಚ್ಚದಲ್ಲಿಯೂ ಪಾಲು ಕೊಡಬೇಕಾಗಿತ್ತು. 1807ರ ಕರಾರಿನಂತೆ 4,000 ಸವಾರರನ್ನು ಸಿದ್ಧವಾಗಿಟ್ಟಿರುವ ಹೊಣೆಯೂ ಸೇರಿತು. 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಆಗ ನಾಡು 1876ರಿಂದ 1878ರವರೆಗಿನ ಘೋರ ಕ್ಷಾಮದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಆದುದರಿಂದ ಹೆಚ್ಚಿನ 10½ ಲಕ್ಷದ ವಸೂಲಿಯನ್ನು ಮುಂದಕ್ಕೆ ಹಾಕುತ್ತ ಬಂದರು. 1896ರಿಂದ ಪೂರ್ಣವಾಗಿ ಸಲ್ಲತೊಡಗಿತು. ಇಂಡಿಯಾ ದೇಶದ ಸಂಸ್ಥಾನಗಳಲ್ಲಿ ಅತಿ ದೊಡ್ಡ ಪೊಗದಿಯನ್ನು ತೆರುತ್ತಿದ್ದುದು ಮೈಸೂರೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಕಾಲದಲ್ಲಿ, ಇರ್ವಿನ್ ಪ್ರಭುವು ವೈಸ್‌ರಾಯಿಯಾಗಿದ್ದಾಗ, ಆ 10½ ಲಕ್ಷವನ್ನು ಬಿಟ್ಟುಕೊಡುವ ತೀರ್ಮಾನವಾಗಿ 1928ರಿಂದ ಹಳೆಯ ಮೊತ್ತವೇ ನಿಂತಿತು. ಪೊಗದಿಯನ್ನು ತೆರುವ ರಾಜ್ಯಕ್ಕೆ ಕೌಲಿನ ಭಾಷೆಯಲ್ಲಿ ಮಿತ್ರನೆಂಬ ಹೆಸರಿದ್ದೀತು. ಆದರೆ ಅದು ಕೊಡುಗೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೆಯದಾದ ನಿಜವಾದ ಕೊಡುಗೆಯ ಕಡೆಗೆ ಬರೋಣ. 1914ನೆಯ ಇಸವಿಯಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಕೃಷ್ಣರಾಜ ಒಡೆಯರವರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ಕೊಟ್ಟರು. ಆಗ ರೂಪಾಯಿ 15ಕ್ಕೆ ಒಂದು ಪೌಂಡಾಗಿದ್ದುದರಿಂದ ಇದು 3 ಲಕ್ಷ 33 ಸಾವಿರ ಪೌಂಡುಗಳಿಗೆ ಸಮವಾಗುತ್ತದೆ. ಈ ಮೊತ್ತದ ತೂಕವನ್ನು ತಿಳಿಯಲು ಮನೆಯ ಲೆಕ್ಕದೊಡನೆ ಹೋಲಿಸಬೇಕು. ಕನ್ನಂಬಾಡಿಯ ಕಟ್ಟೆಯ ಮೊದಲ ಹಂತಕ್ಕೆ 1911ರಲ್ಲಿ ಮಂಜೂರಾದುದು 81 ಲಕ್ಷ. ಅದಕ್ಕೂ ಹಣವೆಲ್ಲಿಂದ ಬರಬೇಕೆಂಬ ಚರ್ಚೆ ನಡೆದು ತಡವಾಗಿತ್ತು. ದಿವಾನರಾಗಿದ್ದ ಶ್ರೀ ಎಂ. ವಿಶ್ವೇಶ್ವರಯ್ಯನವರು ಬ್ಯಾಂಕು, ವಿಶ್ವವಿದ್ಯಾನಿಲಯ, ಕೈಗಾರಿಕೆಗಳೆಂದು ಒಂದೊಂದು ರೂಪಾಯಿಗೂ ಲೆಕ್ಕ ಹಾಕುತ್ತಿದ್ದ ಕಾಲವದು. ವರ್ಷಂಪ್ರತಿ 35 ಲಕ್ಷ ಪೊಗದಿಯನ್ನು ತೆರುತ್ತಿದ್ದ ರಾಜ್ಯವೊಂದು ಅದರ ಮೇಲೆ ಒಂದೇ ಸಲಕ್ಕೆ 50 ಲಕ್ಷವನ್ನು ಕೊಟ್ಟಿತೆಂಬುದನ್ನು ನೋಡಿದರೆ, ಇದನ್ನು ಅಳಿಲು ಸೇವೆಯೆನ್ನುವುದಕ್ಕೆ ನಾಲಗೆ ಹಿಂಜರಿಯುತ್ತದೆ.

ಹಣದೊಡನೆ ಜನರೂ ಹೋದರು. ಮೈಸೂರು ಲ್ಯಾನ್ಸರ್ಸ್ ಎಂಬ ಸವಾರರ ದಳವು ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯನ್ನು ಕಾಯಿತು. ಬಳಿಕ ಪ್ಯಾಲೆಸ್ಟೈನಿನಲ್ಲಿ ಕಾದಿತು. 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕಾರ್ಯದಲ್ಲಿ ಜೋಧಪುರದ ಸವಾರರೊಡನೆ ಮೈಸೂರಿನವರು ಭಾಗಿಗಳಾದರು. ಮೈಸೂರಿನ ಒಂದು ತುಕಡಿಯು ಕಾರ್ಮೆಲ್ ಪರ್ವತದ ಕಡಿದಾದ ಮೈಯನ್ನು ಹತ್ತಿ ಅಲ್ಲಿದ್ದ ತೋಪುಗಳ ಮೇಲೆ ಬಿದ್ದಿತು. ಕೈಯಲ್ಲಿ ಈಟಿಯನ್ನೂ ಕತ್ತಿಯನ್ನೂ ಹಿಡಿದ ಕುದುರೆಯ ಸವಾರರು ಮೆಷಿನ್ ಗನ್ನುಗಳಿಗೆ ಎದುರಾಗಿ ಕೋಟೆಯಂತಿದ್ದ ಊರನ್ನು ಗೆದ್ದುದು ಯುದ್ಧಚರಿತ್ರೆಯಲ್ಲಿ ಅಪೂರ್ವವಾದುದು. ಆ ದಿನ 1,350 ಮಂದಿ ಸೆರೆಯಾಳುಗಳೂ 17 ತೋಪುಗಳೂ ಬ್ರಿಗೇಡಿನ ವಶವಾದುವು. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನ ಯೋಧನನ್ನೂ, ಉಳಿದೆರಡು ಜೋಧಪುರ ಮತ್ತು ಹೈದರಾಬಾದುಗಳ ಯೋಧರನ್ನೂ ಪ್ರತಿನಿಧಿಸುತ್ತವೆ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಇವರ ಶೌರ್ಯವನ್ನು ಕುರಿತು ಎರಡು ಅಭಿಪ್ರಾಯಗಳಿಲ್ಲ. ಆದರೆ ನಮ್ಮ ಮೊದಲನೆಯ ಎರಡು ಪ್ರಶ್ನೆಗಳನ್ನು ಇಲ್ಲಿ ಕೇಳದೆ ಹೋಗುವಂತಿಲ್ಲ. ಸಾರ್ವಭೌಮ ಸರ್ಕಾರವು ಯುದ್ಧದಲ್ಲಿ ತೊಡಗಿರುವಾಗ ಅದರ ಅಧೀನದಲ್ಲಿದ್ದ ಸಂಸ್ಥಾನವು ಸುಮ್ಮನಿರುವುದು ಸಾಧ್ಯವಿತ್ತೆ? ಅರಸರ ಔದಾರ್ಯವು ನಿಜವಾದುದೇ ಆಗಿತ್ತು. ಆದರೆ ಕೊಡದಿರುವ ದಾರಿ ಮಾತ್ರ ತೆರೆದಿರಲಿಲ್ಲ. ಪ್ರಜೆಗಳ ಒಪ್ಪಿಗೆಯ ಮಾತಂತೂ ದೂರವೇ ಉಳಿಯಿತು. 1881ರಿಂದ ಪ್ರಜಾಪ್ರತಿನಿಧಿ ಸಭೆಯೂ 1907ರಿಂದ ನ್ಯಾಯವಿಧಾಯಕ ಸಭೆಯೂ ಮೈಸೂರಿನಲ್ಲಿದ್ದುವು. ಆ ಕಾಲಕ್ಕೆ ಇದು ದೊಡ್ಡ ಸಂಗತಿಯೇ. ಆದರೆ 1923ರ ರಾಜ್ಯಾಂಗ ಸುಧಾರಣೆಗಳಿಗೆ ಮುಂಚೆ ಖರ್ಚಿನ ಬಾಬುಗಳನ್ನು ಮತಕ್ಕೆ ಹಾಕಿ ಒಪ್ಪುವ ಅಧಿಕಾರ ಆ ಸಭೆಗಳಿಗೆ ಇರಲಿಲ್ಲ.

ಭಾರ ಹೊತ್ತವರು ಯಾರೆಂಬುದನ್ನು 1918ನೆಯ ವರ್ಷವೇ ತೋರಿಸುತ್ತದೆ. ಹೈಫಾದಲ್ಲಿ ಮೈಸೂರಿನ ಧ್ವಜವು ಮೇಲಾದ ಆ ಶರತ್ಕಾಲದಲ್ಲಿಯೇ ಇನ್‌ಫ್ಲೂಯೆಂಜಾ ಮಹಾಮಾರಿಯು ಸಂಸ್ಥಾನದ ಊರೂರುಗಳಿಗೂ ಹರಡಿತ್ತು, ಮಳೆಯೂ ಕೈಕೊಟ್ಟಿತ್ತು, ಯುದ್ಧದ ನಿಮಿತ್ತವಾಗಿ ಅಕ್ಕಿ, ರಾಗಿ, ಬಟ್ಟೆ, ಸೀಮೆಎಣ್ಣೆಗಳ ಬೆಲೆ ಏರಿತ್ತು. ದಾನದ ಕೀರ್ತಿಯು ರಾಜಧಾನಿಗೆ ಬಂದಿತು. ಅದರ ಬಾಕಿಯು ಹಳ್ಳಿಗಳ ಅಡಿಗೆಮನೆಗಳಲ್ಲಿ ತೀರಿತು. ಇದನ್ನು ಯಾರನ್ನೂ ದೂಷಿಸುವುದಕ್ಕಾಗಿ ಹೇಳುತ್ತಿಲ್ಲ. ರಾಜ್ಯದ ಬೊಕ್ಕಸವೆಂಬುದು ಕಂದಾಯ ಕೊಡುವವನ ಕೈಯಿಂದಲೇ ತುಂಬತಕ್ಕದ್ದಾದುದರಿಂದ, ರಾಜ್ಯವು ಕೊಟ್ಟ ಪ್ರತಿಯೊಂದು ದಾನಕ್ಕೂ ಹಿಂದೆ ಹೆಸರಿಲ್ಲದ ದಾನಿಗಳು ಅನೇಕರಿರುತ್ತಾರೆಂಬುದನ್ನು ನೆನಪಿಡಬೇಕೆಂದಷ್ಟೇ ನಮ್ಮ ಅಭಿಪ್ರಾಯ.

ಇನ್ನು ಮೂರನೆಯ ಪ್ರಶ್ನೆ, ಎಂದರೆ ಉಳಿದುದೇನು ಎಂಬುದು. ಕೊಟ್ಟ 50 ಲಕ್ಷದಿಂದ ಮೈಸೂರಿನಲ್ಲಿ ಉಳಿದುದು ಕೃತಜ್ಞತೆಯ ಕಾಗದಗಳು ಮಾತ್ರ. ಆದರೆ ಅದೇ ಯುದ್ಧವು ಬೇರೊಂದು ಪಾಠವನ್ನು ಕಲಿಸಿತು. 1914ಕ್ಕೆ ಮುಂಚೆ ನಮ್ಮ ಗಂಧದ ಕೊರಡುಗಳು ಹರಾಜಿನಲ್ಲಿ ಮಾರಾಟವಾಗಿ ಬಹುಮಟ್ಟಿಗೆ ಜರ್ಮನಿಗೆ ಹೋಗುತ್ತಿದ್ದುವು. ಎಣ್ಣೆಯನ್ನು ತೆಗೆಯುವ ಲಾಭವೆಲ್ಲ ಅಲ್ಲಿಯವರದಾಗಿತ್ತು. ಯುದ್ಧವು ಬಂದು ಆ ದಾರಿ ಕಟ್ಟಿತು. ಕೊರಡುಗಳು ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ಬಿದ್ದುವು. ಆಗ ಕೈಗಾರಿಕಾ ಇಲಾಖೆಯ ಮುಖ್ಯರಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರ ಪ್ರಯತ್ನದಿಂದಲೂ, ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ರಸಾಯನಜ್ಞರ ಪ್ರಯೋಗಗಳಿಂದಲೂ, 1916ರಲ್ಲಿ ಬೆಂಗಳೂರಿನಲ್ಲಿ ಮತ್ತು ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ನಿಂತುವು. ಔಷಧಿಗಾಗಿ ಆ ಎಣ್ಣೆಯನ್ನು ಬೇಡುತ್ತಿದ್ದ ಮಿತ್ರದೇಶಗಳಿಗೂ ಅದು ಒದಗಿತು. ವಿದ್ಯೆ ಮತ್ತು ಯಂತ್ರಗಳು ನಮ್ಮಲ್ಲಿಯೇ ಉಳಿದುವು. ಕೊರಡನ್ನು ಕೊಟ್ಟರೆ ಕೊರಡು ಹೋಯಿತು; ಎಣ್ಣೆಯನ್ನು ತೆಗೆದು ಕೊಟ್ಟರೆ ಎಣ್ಣೆ ತೆಗೆಯುವ ಕೈ ಉಳಿಯಿತು.

ಇದೇ ವಿವೇಕವನ್ನು ಹೆಬ್ಬೆಯ ಬೆಟ್ಟಗಳ ವಿಷಯದಲ್ಲಿಯೂ ನಡೆಸಿದರು. ಕಡಲ ದಾರಿ ಅಪಾಯದಲ್ಲಿದ್ದ ಆ ವರ್ಷಗಳಲ್ಲಿ ಕಬ್ಬಿಣವೂ ಉಕ್ಕೂ ದುರ್ಲಭವಾಗಿ, ಸ್ವಂತ ಕಬ್ಬಿಣವಿಲ್ಲದ ದೇಶವು ಎಷ್ಟು ಪರಾಧೀನವೆಂಬುದು ಎಲ್ಲರಿಗೂ ತಿಳಿಯಿತು. ಬಾಬಾಬುಡನ್ ಬೆಟ್ಟಗಳಲ್ಲಿ ಒಳ್ಳೆಯ ಅದಿರಿದ್ದಿತು. ಆದರೆ ಅದನ್ನು ಕರಗಿಸಲು ಕಲ್ಲಿದ್ದಲು ಮೈಸೂರಿನಲ್ಲಿ ಇರಲಿಲ್ಲ. ಬಂಗಾಳ, ಬಿಹಾರಗಳಿಂದ ತರಿಸುವುದು ದುಬಾರಿಯಾದುದರಿಂದ ಮಲೆನಾಡಿನ ಮರದಿಂದ ಇದ್ದಿಲನ್ನು ಸುಡುವ ಉಪಾಯವನ್ನು ಹಿಡಿದರು. ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಸೌದೆಯನ್ನಿಟ್ಟು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊಗೆಯನ್ನು ತಣಿಸಿದರೆ ಮರದ ಮದ್ಯಸಾರ, ಆಮ್ಲ, ಡಾಂಬರು ದೊರೆಯುತ್ತವೆ. ಆದುದರಿಂದಲೇ ಭದ್ರಾವತಿಯ ಕಾರ್ಖಾನೆಗೆ ಮೊದಲು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂದು ಹೆಸರಾಯಿತು. 1918ರಲ್ಲಿ ಅಂಗೀಕಾರವಾದ ಈ ಉದ್ಯಮದ ಊದುಕುಲುಮೆಯು 1923ರಲ್ಲಿ ಉರಿಯತೊಡಗಿತು.

ಕೆಮ್ಮಣ್ಣುಗುಂಡಿಯ ಗಣಿಯಿಂದ ಅದಿರು ಕಂಬಗಳ ನಡುವೆ ಎಳೆದ ಉಕ್ಕಿನ ಹಗ್ಗದ ಮೇಲೆ ತೊಟ್ಟಿಗಳಲ್ಲಿ ತೂಗಾಡುತ್ತ ಕೆಳಗಿನ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಕಿರುಹಳಿಯ ಟ್ರಾಂ ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು. ಹೆಬ್ಬೆಯ ನೀರು ಕಾಡಿನ ದಾರಿಯಲ್ಲಿ ಭದ್ರೆಯನ್ನು ಸೇರಿ ಅದೇ ಊರನ್ನು ಮುಟ್ಟುತ್ತಿತ್ತು. ಹೀಗೆ ಬೆಟ್ಟದ ಮಣ್ಣು, ಬೆಟ್ಟದ ಮರ, ಬೆಟ್ಟದ ನೀರು ಮೂರೂ ಒಂದೇ ಕುಲುಮೆಯ ಬಳಿ ಕೂಡಿದುವು.

ಈ ಪ್ರಯೋಗವು ಸುಲಭವಾಗಿ ಫಲಿಸಲಿಲ್ಲ. ಕುಲುಮೆ ಹೊತ್ತುವ ವೇಳೆಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಇದು ಸಂಸ್ಥಾನದ ಬಾಗಿಲಿಗೆ ಕಟ್ಟಿದ ಬಿಳಿಯಾನೆಯೆಂದು ಜರೆದವರು ಹಲವರು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು ಕಾರ್ಖಾನೆಯ ಆಡಳಿತ ಮಂಡಲಿಗೆ ಅಧ್ಯಕ್ಷರನ್ನಾಗಿ ಮಾಡಬೇಕಾಯಿತು. 1929ರವರೆಗೆ ಅವರು ಅದನ್ನು ನಡೆಸಿ ನಿಲ್ಲಿಸಿದರು. 1930ರ ದಶಕದಲ್ಲಿ ಉಕ್ಕಿನ ವಿಭಾಗವೂ ಸಿಮೆಂಟಿನ ವಿಭಾಗವೂ ಸೇರಿದುವು. ಎರಡನೆಯ ಮಹಾಯುದ್ಧವು 1939ರಲ್ಲಿ ಸಿಡಿದಾಗ, ಹಿಂದೆ ಕೇವಲ ಹಣವನ್ನೂ ಸವಾರರನ್ನೂ ಕೊಡಬಲ್ಲುದಾಗಿದ್ದ ಮೈಸೂರು ಈಗ ಕಬ್ಬಿಣ, ಉಕ್ಕು, ಸಿಮೆಂಟುಗಳನ್ನು ತಾನೇ ತಯಾರಿಸಬಲ್ಲ ರಾಜ್ಯವಾಗಿತ್ತು. ಇಪ್ಪತ್ತೈದು ವರ್ಷಗಳಲ್ಲಿ ಆದ ಬದಲಾವಣೆ ಸಾಮಾನ್ಯವಾದುದಲ್ಲ.

ಆ ಎರಡನೆಯ ಯುದ್ಧದಲ್ಲಿ ಮೈಸೂರಿನಿಂದ ಮಿತ್ರರಾಷ್ಟ್ರಗಳಿಗೆ ದೊರೆತ ಮಹತ್ತಾದ ನೆರವು ಯಾವುದೆಂದು ಕೇಳಿದರೆ ನಾವು ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಹೆಸರಿಸುತ್ತೇವೆ. 1940ನೆಯ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದಾಗ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಸರ್ಕಾರವು ಭೂಮಿಯನ್ನೂ ಬಂಡವಾಳವನ್ನೂ ಕೊಟ್ಟು ಅದನ್ನು ಇಲ್ಲಿಗೆ ಬರಮಾಡಿಕೊಂಡಿತು. 1902ರಿಂದ ಹರಿಯುತ್ತಿದ್ದ ಶಿವನಸಮುದ್ರದ ವಿದ್ಯುತ್ತು, ಹತ್ತಿರದಲ್ಲಿಯೇ ಇದ್ದ ವಿಜ್ಞಾನ ಮಂದಿರ, ಕೆಲಸ ಬಲ್ಲ ಜನ ಇವೆಲ್ಲವೂ ಸಿದ್ಧವಾಗಿದ್ದುವು. 1942ರಲ್ಲಿ ಇಂಡಿಯಾ ಸರ್ಕಾರವು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಿಂದ ಅಮೆರಿಕದ ಸೇನಾ ವಿಮಾನದಳವು ಅಲ್ಲಿ ತನ್ನ ವಿಮಾನಗಳನ್ನು ರಿಪೇರಿ ಮಾಡಿಸುತ್ತಿತ್ತು. ಪೂರ್ವದ ರಣರಂಗದಲ್ಲಿ ಹಾರುತ್ತಿದ್ದ ಕ್ಯಾಟಲೈನಾ, ಡಕೋಟಾ ಮೊದಲಾದ ವಿಮಾನಗಳು ಮೈಸೂರಿನ ಕೆಲಸಗಾರರ ಕೈಯಿಂದ ಮತ್ತೆ ಆಕಾಶಕ್ಕೇರಿದುವು. ಜಪಾನಿನ ರೇಷ್ಮೆ ಸಿಕ್ಕದಾದಾಗ ಪ್ಯಾರಾಚೂಟುಗಳಿಗೆ ಬೇಕಾದ ನೂಲು ಮೈಸೂರಿನ ನೂಲುಮನೆಗಳಿಂದ ಹೋಯಿತು. ಮೈಸೂರು ಪದಾತಿದಳದ ಒಂದನೆಯ ಬೆಟಾಲಿಯನ್ ಮಲಯಕ್ಕೆ ಹೋಗಿ 1942ನೆಯ ಫೆಬ್ರವರಿಯಲ್ಲಿ ಸಿಂಗಪುರವು ಬಿದ್ದಾಗ ಸೆರೆಯಾಯಿತು. ಆ ಮನೆಗಳಲ್ಲಿ ಮೂರೂವರೆ ವರ್ಷ ಕಾಗದದ ದಾರಿಯನ್ನು ಕಾಯ್ದರು.

ಯುದ್ಧವು ಮುಗಿದ ಮೇಲೆ ಅಮೆರಿಕದವರು ಹೊರಟುಹೋದರು, ಕಾರ್ಖಾನೆ ಉಳಿಯಿತು. ಮುಂದೆ ಸ್ವತಂತ್ರ ಭಾರತದ ವಿಮಾನೋದ್ಯಮಕ್ಕೆ ಅದೇ ತಳಹದಿಯಾಯಿತು. 50 ಲಕ್ಷದ ಕೊಡುಗೆಗೂ ಈ ಕೊಡುಗೆಗೂ ಇರುವ ಅಂತರವನ್ನು ಶ್ರೋತೃಗಳು ತಾವೇ ಗ್ರಹಿಸಬಹುದು.

ಆದರೆ ಮೊದಲನೆಯ ಪ್ರಶ್ನೆಗೆ ಈ ಸಲವೂ ಸಮಾಧಾನಕರವಾದ ಉತ್ತರವಿರಲಿಲ್ಲ. ಮಿತ್ರರಾಷ್ಟ್ರಗಳು ಲೋಕದ ಸ್ವಾತಂತ್ರ್ಯಕ್ಕಾಗಿ ಕಾದುತ್ತಿದ್ದೇವೆಂದು ಸಾರುತ್ತಿದ್ದುವು. ಅವುಗಳಿಗೆ ಮೈಸೂರು ನೆರವಾಗುತ್ತಿತ್ತು. ಮೈಸೂರಿನ ಪ್ರಜೆಗಳಿಗೆ ಮಾತ್ರ ಹೊಣೆಗಾರ ಸರ್ಕಾರವಿರಲಿಲ್ಲ. 1942ನೆಯ ಸೆಪ್ಟೆಂಬರಿನಲ್ಲಿ ಶಿಕಾರಿಪುರದ ಬಳಿಯ ಈಸೂರಿನ ಜನರು ತಮ್ಮೂರು ಸ್ವತಂತ್ರವೆಂದು ಘೋಷಿಸಿದರು. ಅಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಮೃತರಾದರು. 1943ನೆಯ ಮಾರ್ಚಿಯಲ್ಲಿ ಊರಿನ ಐವರಿಗೆ ಗಲ್ಲಾಯಿತು. ಭದ್ರಾವತಿಗೂ ಈಸೂರಿಗೂ ಬಹಳ ದೂರವಿಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಮಿತ್ರರ ಗೆಲವಿಗಾಗಿ ಕುಲುಮೆ ಉರಿಯುತ್ತಿತ್ತು. ಇನ್ನೊಂದು ಕಡೆ ಆ ಗೆಲವಿನ ಮಾತನ್ನು ತಮ್ಮ ಊರಿಗೂ ಅನ್ವಯಿಸಬೇಕೆಂದವರು ಸೆರೆಮನೆಯಲ್ಲಿದ್ದರು. ಹೊಣೆಗಾರ ಸರ್ಕಾರವು ಮೈಸೂರಿಗೆ ಬಂದುದು 1947ನೆಯ ಅಕ್ಟೋಬರಿನಲ್ಲಿ, ಶ್ರೀ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದಾಗ.

ಇದೇ ಕಾಲದಲ್ಲಿ ಬೇರೆ ಚಿಕ್ಕ ಮಿತ್ರರು ನಡೆದುಕೊಂಡ ಬಗೆಯನ್ನು ಹೋಲಿಸಿ ನೋಡುವುದು ಉಚಿತ. ನ್ಯೂಜಿಲೆಂಡಿನ ಜನಸಂಖ್ಯೆ ಆಗ ಸುಮಾರು 16 ಲಕ್ಷ. ಮೈಸೂರಿನದು 1941ರ ಖಾನೇಷುಮಾರಿಯಂತೆ 73 ಲಕ್ಷ. ತಲೆಗಳನ್ನು ಎಣಿಸಿದರೆ ನಾವೇ ದೊಡ್ಡವರು. ಆದರೂ ಆ ಪುಟ್ಟ ದೇಶವು ಪೆಸಿಫಿಕ್ ಸಾಗರದಲ್ಲಿದ್ದ ಅಮೆರಿಕದ ಸೇನೆಗೆ ಮಾಂಸ, ಬೆಣ್ಣೆ, ತರಕಾರಿಗಳನ್ನು ಒದಗಿಸಿ, ಅಮೆರಿಕದಿಂದ ತಾನು ಪಡೆದ ನೆರವಿಗೆ ಬಹುಮಟ್ಟಿಗೆ ಸಮನಾದುದನ್ನು ಹಿಂದಿರುಗಿಸಿತು. ಅದಕ್ಕಾಗಿ 1943ರಲ್ಲಿ ಬೆಣ್ಣೆಗೂ 1944ರಲ್ಲಿ ಮಾಂಸಕ್ಕೂ ತನ್ನ ಜನರಿಗೆ ರೇಷನ್ ಗೊತ್ತುಮಾಡಿತು. ಕೆನಡಾ ದೇಶವು 1942ರಲ್ಲಿ ಬ್ರಿಟನ್ನಿಗೆ ನೂರು ಕೋಟಿ ಡಾಲರುಗಳನ್ನು ಹಿಂದಿರುಗಿ ಕೇಳದಂತೆ ಕೊಟ್ಟಿತು. ಆ ಹಣವು ಕೆನಡಾದ ಗೋಧಿಯನ್ನೂ ಯುದ್ಧಸಾಮಗ್ರಿಯನ್ನೂ ಕೊಳ್ಳುವುದಕ್ಕೆ ಮೀಸಲಾದುದರಿಂದ ಅಲ್ಲಿಯ ರೈತನಿಗೂ ಕೆಲಸಗಾರನಿಗೂ ಜೀವನವಾಯಿತು. ಎರಡು ದೇಶಗಳಲ್ಲಿಯೂ ಬೆಣ್ಣೆಯನ್ನು ಕಡಮೆಮಾಡಿದವರು, ತೆರಿಗೆಯನ್ನು ಹೇರಿದವರು ಜನರೇ ಆರಿಸಿದ ಪಾರ್ಲಿಮೆಂಟಿನವರು. ಜನ ಗೊಣಗಿದರು, ಪತ್ರಿಕೆಗಳಲ್ಲಿ ಬರೆದರು, ಚುನಾವಣೆಯಲ್ಲಿ ಲೆಕ್ಕ ಕೇಳಿದರು, ಆದರೂ ಕೊಟ್ಟರು. ಹಾಗೆ ಗೊಣಗುವ ಹಕ್ಕು ಉಳ್ಳವನು ಕೊಟ್ಟಾಗಲೇ ಅದು ಕೊಡುಗೆಯೆನಿಸುವುದು. ರಾಜ್ಯವು ಚಿಕ್ಕದೋ ದೊಡ್ಡದೋ ಎಂಬುದು ಜನಸಂಖ್ಯೆಯಿಂದ ನಿರ್ಣಯವಾಗುವುದಿಲ್ಲ, ತನ್ನ ಚೀಲದ ಬಾಯಿ ತನ್ನ ಕೈಯಲ್ಲಿದೆಯೇ ಎಂಬುದರಿಂದ ನಿರ್ಣಯವಾಗುತ್ತದೆ.

1943ನೆಯ ನವೆಂಬರಿನಲ್ಲಿ 44 ರಾಷ್ಟ್ರಗಳು ಕೂಡಿ ಯುದ್ಧದಿಂದ ನೊಂದ ನಾಡುಗಳ ಪರಿಹಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದಾಗ, ಶತ್ರುವಿನ ಆಕ್ರಮಣಕ್ಕೆ ಸಿಕ್ಕದ ದೇಶಗಳು ತಮ್ಮ ವಾರ್ಷಿಕ ಆದಾಯದಲ್ಲಿ ನೂರಕ್ಕೆ ಒಂದು ಪಾಲನ್ನು ಕೊಡಬೇಕೆಂದು ಗೊತ್ತಾಯಿತು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ನಮ್ಮ ಗಾದೆಯೇ ಅಲ್ಲಿ ನ್ಯಾಯಸೂತ್ರವಾಯಿತು. ಮೊತ್ತವಲ್ಲ, ಪ್ರಮಾಣವು ಮುಖ್ಯವೆಂಬ ಈ ತತ್ತ್ವವು ಸಣ್ಣ ರಾಷ್ಟ್ರಗಳಿಗೆ ಮರ್ಯಾದೆಯನ್ನು ತಂದಿತು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಲಿಗೆ 1946ರಲ್ಲಿ ಮೊದಲ ಅಧ್ಯಕ್ಷರಾಗಿದ್ದವರು ಸರ್ ಎ. ರಾಮಸ್ವಾಮಿ ಮೊದಲಿಯಾರರು, ಅದೇ ವರ್ಷ ಅವರು ಮೈಸೂರಿನ ದಿವಾನರಾದರೆಂಬುದನ್ನು ಇಲ್ಲಿ ನೆನೆಯಬಹುದು. 1970ರಲ್ಲಿ ವಿಶ್ವಸಂಸ್ಥೆಯು, ಸಂಪನ್ನ ರಾಷ್ಟ್ರಗಳು ತಮ್ಮ ಆದಾಯದಲ್ಲಿ ಸಾವಿರಕ್ಕೆ ಏಳು ಪಾಲನ್ನು ಬಡ ರಾಷ್ಟ್ರಗಳ ಏಳಿಗೆಗೆ ಕೊಡತಕ್ಕದ್ದೆಂದು ಗುರಿಯನ್ನಿಟ್ಟಿತು. ಆ ಗುರಿಯನ್ನು ದಾಟಿ ಅನೇಕ ವರ್ಷಗಳಿಂದ ಕೊಡುತ್ತ ಬಂದವರು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗಿನಂಥ ಚಿಕ್ಕ ದೇಶದವರು. ಮೊತ್ತದಲ್ಲಿ ಬಹುಕಾಲ ಎಲ್ಲರಿಗೂ ಮುಂದಾಗಿದ್ದ ಅಮೆರಿಕ ಸಂಯುಕ್ತ ಸಂಸ್ಥಾನವು ಆ ಗುರಿಯನ್ನಿಟ್ಟ ತರುವಾಯ ಆ ಪ್ರಮಾಣವನ್ನು ಎಂದೂ ಮುಟ್ಟಿಲ್ಲ.

ಇಷ್ಟೆಲ್ಲವನ್ನು ನೋಡಿದ ಮೇಲೆ ಚಿಕ್ಕ ರಾಜ್ಯವು ಮಿತ್ರರ ನಡುವೆ ಹೇಗೆ ದಾನಿಯಾಗಬೇಕೆಂಬುದನ್ನು ಸಂಗ್ರಹವಾಗಿ ಹೇಳಬಹುದು. ಹಣದ ಚೀಲದಲ್ಲಿ ದೊಡ್ಡವರೊಡನೆ ಅದು ಸ್ಪರ್ಧಿಸಲಾರದು. ಸ್ಪರ್ಧಿಸಿದರೆ ತನ್ನ ಮನೆಯ ಕಟ್ಟೆಯೋ ಶಾಲೆಯೋ ನಿಂತುಹೋದೀತು. ತನ್ನಲ್ಲಿಯೇ ವಿಶೇಷವಾಗಿ ಇರುವ ವಸ್ತುವನ್ನು ಹಸಿಯಾಗಿ ಕಳುಹಿಸದೆ, ತನ್ನ ಜನರ ವಿದ್ಯೆಯಿಂದಲೂ ಕೈಕೆಲಸದಿಂದಲೂ ಪಕ್ವಮಾಡಿ ಕೊಟ್ಟರೆ ಪಡೆದವರಿಗೂ ಉಪಯೋಗ, ಕೊಟ್ಟವರಿಗೂ ಉಳಿಕೆ. ಅದಕ್ಕಿಂತ ಮೊದಲು, ಕೊಡುವುದೋ ಬಿಡುವುದೋ ಎಂಬುದನ್ನು ಭಾರ ಹೊರತಕ್ಕ ಜನರೇ ಕೂತು ನಿಶ್ಚಯಿಸಬೇಕು.

ಇಷ್ಟಾದರೂ ಒಂದು ಬಾಕಿ ಉಳಿಯುತ್ತದೆ. ದೇಶವು ಮಿತ್ರರ ನಡುವೆ ಚಿಕ್ಕದಾಗಿರುವಂತೆಯೇ ದೇಶದೊಳಗೆ ಇನ್ನೂ ಚಿಕ್ಕದಾದ ಹೆಬ್ಬೆಯಂಥ ಊರುಗಳಿರುತ್ತವೆ. ಭದ್ರಾವತಿಯ ಕುಲುಮೆಗೆ ಮೂವತ್ತು ವರ್ಷ ಇದ್ದಿಲನ್ನು ಕೊಟ್ಟ ಮರಗಳ ಲೆಕ್ಕ ಯಾವ ಯುದ್ಧನಿಧಿಯ ಪಟ್ಟಿಯಲ್ಲಿಯೂ ಸೇರಿಲ್ಲ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಕಾಡಿನ ಮೇಲಿನ ಭಾರ ಇಳಿಯಿತು. ಕೆಮ್ಮಣ್ಣುಗುಂಡಿಯ ಗಣಿಯ ಕೆಲಸವೂ ಈಗ ನಿಂತಿದೆ. ಹೆಬ್ಬೆಯ ಸುತ್ತಣ ಅರಣ್ಯವು 1998ರಿಂದ ಭದ್ರಾ ಹುಲಿ ರಕ್ಷಿತ ಪ್ರದೇಶದ ಆಶ್ರಯದಲ್ಲಿದೆ. ಮಣ್ಣನ್ನು ತೆಗೆದ ಗುಂಡಿಗಳ ಮೇಲೆ ಹುಲ್ಲು ಬೆಳೆದಿದೆ. ಅಜ್ಜಂಪುರದ ಕಾವಲಿನಲ್ಲಿ ಅಮೃತ ಮಹಲ್ ತಳಿಯನ್ನು ಈಗ ಯುದ್ಧಕ್ಕಾಗಿಯಲ್ಲ, ಅದು ಅಳಿಯದಿರಲೆಂದು ಸಾಕುತ್ತಾರೆ.

ಇಂದು ನಮ್ಮ ದೇಶವೇ ನೆರೆಯ ಚಿಕ್ಕ ರಾಷ್ಟ್ರಗಳಿಗೆ ನೆರವು ನೀಡುವ ಸ್ಥಿತಿಗೆ ಬಂದಿದೆ. ದೊಡ್ಡವರಾದಾಗ ಚಿಕ್ಕವರ ಕಷ್ಟವನ್ನು ಮರೆಯುವುದು ಲೋಕಸಹಜ. ಮೈಸೂರಿನ ಅನುಭವವು ನಮ್ಮ ಕೈಯಲ್ಲಿರುವಾಗ ನಾವು ಹಾಗೆ ಮರೆಯಬಾರದು. ಮಿತ್ರನಿಂದ ಏನನ್ನಾದರೂ ಪಡೆಯುವಾಗ ಅವನಿಗೆ ಕೊಡೆನೆನ್ನುವ ಬಾಯಿ ಇದೆಯೇ ಎಂದು ನೋಡೋಣ. ನಾವು ಕೊಡುವಾಗ ನಮ್ಮೊಳಗಿನ ಯಾವ ಹೆಬ್ಬೆ ಅದರ ಭಾರವನ್ನು ಹೊರುತ್ತದೆಂದು ಕೇಳಿ ತಿಳಿಯೋಣ. ಆ ಊರಿನ ಹೆಸರನ್ನೂ ದಾನಿಗಳ ಪಟ್ಟಿಯಲ್ಲಿ ಬರೆಯೋಣ.